ಷಷ್ಠಿ ಜಾತ್ರೆ ಒಳಗೆ ಕಟ್ತೀನಿ

ಹೊಗೆಸೊಪ್ಪು ಬೆಳೆಯುವ ಊರುಗಳಲ್ಲಿ ಜೂನ್ ಅಂದರೆ ಕೈಯಲ್ಲಿ ಕಾಸಿಲ್ಲದ ತಿಂಗಳು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಹೋಬಳಿಯಲ್ಲೂ, ಪಕ್ಕದ ಪಿರಿಯಾಪಟ್ಟಣದ ಕಡೆಯಲ್ಲೂ ಇದೇ ಲೆಕ್ಕ. ಶಿವರಾತ್ರಿಯ ಹೊತ್ತಿಗೆ ಸಸಿಮಡಿ ಮಾಡಬೇಕು, ಮುಂಗಾರು ಮಳೆ ಬಿದ್ದ ಕೂಡಲೇ ನಾಟಿ ಮುಗಿಸಬೇಕು. ಗೊಬ್ಬರಕ್ಕೆ, ಆಳಿಗೆ, ಸೊಪ್ಪು ಹದ ಮಾಡುವ ಬ್ಯಾರನ್ನಿನ ರಿಪೇರಿಗೆ, ಸೌದೆಗೆ ಒಂದಾದ ಮೇಲೊಂದು ಖರ್ಚು. ಜೊತೆಗೆ ಆಲೂಗೆಡ್ಡೆಯನ್ನೂ ಹಾಕುವವರಾದರೆ ಮೇ ತಿಂಗಳಲ್ಲಿ ಹಾಸನದ ಮಾರುಕಟ್ಟೆಗೆ ಹೋಗಿ ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆ ತರಬೇಕು. ಸೊಪ್ಪು ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಹದ ಮಾಡಿ, ಗ್ರೇಡ್ ಮಾಡಿ, ಬೇಲು ಕಟ್ಟಿ ಮಾರಾಟಕ್ಕೆ ಕಳಿಸುವ ಹೊತ್ತಿಗೆ ದಸರೆ ಬಂದಿರುತ್ತದೆ. ಕೈಗೆ ದುಡ್ಡು ಕಾಣುವುದು ಆಮೇಲೆ.

ಶಾಲೆ ಮಾತ್ರ ಜೂನ್‌ನಲ್ಲೇ ಬಾಗಿಲು ತೆಗೆಯುತ್ತದೆ. ಈಗಂತೂ ಮೇ ಕೊನೆಯಲ್ಲೇ.

ನಾನು ಒಂದನೇ ತರಗತಿಗೆ ಸೇರಿದ್ದು 1982ರಲ್ಲಿ. ನಮ್ಮ ಊರಿಂದ ಬಸ್ಸು ಹತ್ತಿ ಹೋಗಬೇಕಾಗಿದ್ದ ಪಟ್ಟಣದಲ್ಲಿ ಕಥೋಲಿಕ ಸಿಸ್ಟರ್‌ಗಳು ನಡೆಸುತ್ತಿದ್ದ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ ಅದು. ಅದರ ಹೆಸರು ಇಲ್ಲಿ ಬೇಡ. ಹಾಸನ ಜಿಲ್ಲೆಯಲ್ಲಿ ಇಂಥ ಶಾಲೆಗಳು ಹಲವು ಇದ್ದವು; ಒಂದರ ಕತೆ ಉಳಿದವುಗಳದ್ದಕ್ಕಿಂತ ತೀರ ಬೇರೆಯೇನಲ್ಲ. ಈ ಸೀಮೆಗೆ ಕಥೋಲಿಕ ಧರ್ಮ ಬಂದು ಬಹಳ ಕಾಲವಾಗಿದೆ. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಚರ್ಚ್ ಕಟ್ಟಿಸಿದ್ದು 1860ರ ಸುಮಾರಿಗೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದ ಮೇಲೆ ಅದು ಹಿನ್ನೀರಿನಲ್ಲಿ ಮುಳುಗಿ ತೇಲುವ ಪಾಳು ಗೋಡೆಯಾಯಿತು, ಅಲ್ಲಿನ ಕುಟುಂಬಗಳು ಬೇರೆ ಕಡೆ ಹೋಗಿ ನೆಲೆಸಿದವು. ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದ ಹಾಸನ ಜಿಲ್ಲೆ 1963ರಿಂದ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿದೆ. ನಮ್ಮ ತರಗತಿಯಲ್ಲಿ ಕ್ರೈಸ್ತ ಮಕ್ಕಳು ಬೆರಳೆಣಿಕೆಯಷ್ಟೇ. ಉಳಿದವರೆಲ್ಲ ಗೌಡರು, ಲಿಂಗಾಯತರು, ಕುರುಬರು, ಸಾಬರು, ಶೆಟ್ಟರ ಮಕ್ಕಳು. ದಲಿತ ಕೇರಿಯಿಂದ ಬರುತ್ತಿದ್ದವರು ಕೆಲವರೇ, ಅವರಲ್ಲಿ ಏಳನೆಯವರೆಗೆ ಉಳಿದವರು ಇನ್ನೂ ಕಡಿಮೆ.

ಶಾಲೆಗೆ ಸರ್ಕಾರದ ಅನುದಾನವಿತ್ತು. ಶಿಕ್ಷಕರ ಸಂಬಳ ಸರ್ಕಾರದ್ದು, ಕಟ್ಟಡ ಮತ್ತು ಉಳಿದ ಖರ್ಚು ಆಡಳಿತದವರದ್ದು. ಹಾಗಾಗಿ ನಾವು ಕಟ್ಟುತ್ತಿದ್ದ ಫೀಸು ದೊಡ್ಡ ಮೊತ್ತವೇನಲ್ಲ. ತಿಂಗಳಿಗೆ ಕೆಲವೇ ರೂಪಾಯಿ. ಅದರ ಜೊತೆ ಆಟದ ಫೀಸು, ಪರೀಕ್ಷೆಯ ಕಾಗದದ ದುಡ್ಡು, ಸೆಪ್ಟೆಂಬರ್ 5ಕ್ಕೆ ಶಿಕ್ಷಕರ ಕಲ್ಯಾಣ ನಿಧಿಯ ಪುಟ್ಟ ಧ್ವಜ, ಕ್ಷಯರೋಗ ನಿವಾರಣೆಯ ಸ್ಟ್ಯಾಂಪು. ಇವತ್ತಿನ ಕಣ್ಣಿಗೆ ನಗಣ್ಯ. ಆದರೆ ಜೂನ್‌ನಲ್ಲಿ ನಮ್ಮ ಮನೆಯಲ್ಲಿ ಆ ನಗಣ್ಯ ಮೊತ್ತವೂ ಇರುತ್ತಿರಲಿಲ್ಲ.

ಅಪ್ಪ ಶಾಲೆಗೆ ಬಂದು ಆಫೀಸಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಮಂಗಳೂರು ಕಡೆಯವರು, ಪುಸ್ತಕದ ಕನ್ನಡ ಆಡುತ್ತಿದ್ದರು. ಊರವರಿಗೆಲ್ಲ ಅವರು ‘ಸಿಸ್ಟರಮ್ಮ’.

“ಸಿಸ್ಟರಮ್ಮ, ಸೊಪ್ಪು ಇನ್ನೂ ಹೊಲದಲ್ಲೈತೆ. ಬೇಲು ಹೋಗ್ಲಿ, ಷಷ್ಠಿ ಜಾತ್ರೆ ಒಳಗೆ ತಂದು ಕಟ್ಬುಡ್ತೀನಿ.”

“ಆಯಿತು ಗೌಡರೆ. ಡಿಸೆಂಬರ್ ದಾಟಿಸಬೇಡಿ. ಮಗುವನ್ನು ಮಾತ್ರ ತಪ್ಪದೆ ಕಳಿಸಿ.”

ರಾಮನಾಥಪುರದ ಸುಬ್ರಹ್ಮಣ್ಯ ಸ್ವಾಮಿಯ ತೇರು ಮಾರ್ಗಶಿರ ಷಷ್ಠಿಗೆ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಅದರ ಜೊತೆಗೇ ದನಗಳ ಜಾತ್ರೆ. ಸುತ್ತಿನ ಹಳ್ಳಿಗಳಲ್ಲಿ ಕೊಡುಕೊಳ್ಳುವ ಬಾಕಿಯೆಲ್ಲ ಆ ಜಾತ್ರೆಯ ಆಸುಪಾಸಿನಲ್ಲೇ ತೀರುತ್ತಿತ್ತು: ಅಂಗಡಿಯ ಉದ್ದರಿ, ಆಳಿನ ಬಾಕಿ, ಎತ್ತಿನ ಬೆಲೆ. ಕ್ರೈಸ್ತ ಸಂನ್ಯಾಸಿನಿಯೊಬ್ಬರು ಶಾಲೆಯ ಫೀಸಿನ ಗಡುವನ್ನು ಸುಬ್ರಹ್ಮಣ್ಯನ ತೇರಿನ ಲೆಕ್ಕದಲ್ಲಿ ಒಪ್ಪಿಕೊಂಡದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಅವರಿಗೆ ಬೆಳೆಯ ಲೆಕ್ಕ ಗೊತ್ತಿತ್ತು, ನಮಗೆ ಅವರ ಮಾತಿನ ಬೆಲೆ ಗೊತ್ತಿತ್ತು. ನಾನು ಆ ಶಾಲೆಯ ಬಗ್ಗೆ ಗೌರವದಿಂದ ನೆನೆಯುವ ಮೊದಲ ಸಂಗತಿ ಇದೇ.

ದುಡ್ಡಿಲ್ಲದಿದ್ದರೂ ಮನೆಗಳಿಂದ ಶಾಲೆಗೆ ಏನಾದರೂ ಹೋಗುತ್ತಲೇ ಇತ್ತು. ಮಧ್ಯಾಹ್ನ ಕೇರ್ ಸಂಸ್ಥೆಯ ರವೆಯಲ್ಲಿ ಹಳದಿ ಉಪ್ಪಿಟ್ಟು ಮಾಡುತ್ತಿದ್ದರು. ಅದಕ್ಕೆ ಸೌದೆ ಬೇಕು. ಬ್ಯಾರನ್ ಇದ್ದವರ ಮನೆಯಲ್ಲಿ ಸೌದೆ ಪೇರಿಸಿರುತ್ತಿದ್ದರಿಂದ ಒಂದು ಹೊರೆ ಕಳಿಸುವುದು ಅವರ ಪಾಲು. ಮಳೆಗಾಲಕ್ಕೆ ಮೊದಲು ಶಾಲೆಯ ಮಂಗಳೂರು ಹೆಂಚು ಕೈಯಾಡಿಸಬೇಕು. ಹೆಂಚಿನ ಕೆಲಸ ಗೊತ್ತಿದ್ದ ತಂದೆಯರು ಬಂದು ಮಾಡುತ್ತಿದ್ದರು. ಹೊಸ ಕೊಠಡಿ ಏಳುವಾಗ ಗಾಡಿ ಇದ್ದವರು ಹೊಳೆಯ ಮರಳು ಹೊಡೆದರು. ಸೆಪ್ಟೆಂಬರ್ 8 ಮೇರಿ ಮಾತೆಯ ಹುಟ್ಟುಹಬ್ಬ, ಕ್ರೈಸ್ತರಲ್ಲಿ ಹೊಸ ಬೆಳೆಯ ಹಬ್ಬವೂ ಹೌದು. ಆ ದಿನಗಳಲ್ಲಿ ಕುಂಬಳಕಾಯಿ, ಅವರೆ, ಬಾಳೆಗೊನೆ, ಕೋಳಿ ತಂದು ಚರ್ಚಿನ ಮುಂದೆ ಕೂಗಿ ಹರಾಜು ಹಾಕುವರು. ಬಂದದ್ದರಲ್ಲಿ ಒಂದು ಪಾಲು ಶಾಲೆಗೆ. ನಮ್ಮ ಮನೆಯ ಕುಂಬಳಕಾಯಿಯೂ ಅಲ್ಲಿ ಕೂಗಿಗೆ ಬಿದ್ದಿದೆ. ಇನ್ನೊಂದು ವರ್ಷ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆಲ್ಲ ಲಕ್ಕಿಡಿಪ್ ಟಿಕೆಟ್ಟಿನ ಪುಸ್ತಕ ಕೊಟ್ಟು ಮಾರಿಸಿದರು. ಸಂತೆಯಲ್ಲಿ ನಿಂತು ಗುರುತಿನವರನ್ನು ಹಿಡಿದು ಮಾರುವ ಕೆಲಸ ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಮಕ್ಕಳ ಕೈಲಿ ಆ ಕೆಲಸ ಮಾಡಿಸುವುದು ತಪ್ಪೆಂದೇ ಹೇಳುತ್ತೇನೆ.

ಹಳೆಯದನ್ನು ಹೇಳುವಾಗ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಷಷ್ಠಿಯವರೆಗೆ ತಡೆಯಿರಿ ಎಂದು ಕೇಳಲು ಅಪ್ಪನಿಗೆ ಬಾಯಿ ಬಂದದ್ದು ಹೊಲದಲ್ಲಿ ಸೊಪ್ಪು ಇದ್ದದ್ದರಿಂದ. ಹೊಲವೇ ಇಲ್ಲದವನು ಯಾವ ಬೇಲಿನ ಮೇಲೆ ಗಡುವು ಕೇಳಬೇಕು? ಸೌದೆಯ ಹೊರೆ, ಕುಂಬಳಕಾಯಿ, ಗಾಡಿಯ ಮರಳು ಇವೆಲ್ಲ ಜಮೀನು, ಎತ್ತು, ಹಿತ್ತಲು ಇದ್ದವರ ಕಾಣಿಕೆಗಳು. ಕೂಲಿಯವರ ಹತ್ತಿರ ಇದ್ದದ್ದು ಮೈಕೈ ಮಾತ್ರ, ಅದನ್ನು ಅವರು ಆಗಲೇ ನಮ್ಮ ಹೊಲಗಳಿಗೆ ಕೊಟ್ಟಾಗಿರುತ್ತಿತ್ತು.

ನಮ್ಮ ತರಗತಿಯಲ್ಲಿ ಕೇರಿಯ ಹುಡುಗಿಯೊಬ್ಬಳಿದ್ದಳು, ಲೆಕ್ಕದಲ್ಲಿ ನನಗಿಂತ ಬಹಳ ಮುಂದೆ. ಫೀಸು ಬಾಕಿ ಇದ್ದವರ ಹೆಸರನ್ನು ಪ್ರಾರ್ಥನೆ ಮುಗಿದ ಮೇಲೆ ಓದುತ್ತಿದ್ದರು. ನನ್ನ ಹೆಸರೂ ಬರುತ್ತಿತ್ತು, ಆದರೆ ‘ಅವರ ಮನೆಯವರು ಹೇಳಿದ್ದಾರೆ’ ಎಂದು ಮುಂದಕ್ಕೆ ಹೋಗುತ್ತಿದ್ದರು. ಅವಳ ಹೆಸರು ಬಂದಾಗ ಅವಳು ನಿಂತೇ ಇರಬೇಕಿತ್ತು. ಸಿಸ್ಟರಮ್ಮ ಆಮೇಲೆ ಅವಳ ಫೀಸು ಬಿಟ್ಟುಕೊಟ್ಟರು ಎಂದು ಕೇಳಿದೆ. ಅಷ್ಟರಲ್ಲಿ ಅವಳೇ ಬಿಟ್ಟುಹೋಗಿದ್ದಳು. ಜುಲೈ, ಆಗಸ್ಟಿನಲ್ಲಿ ಸೊಪ್ಪು ಕಟ್ಟುವ ಕೆಲಸಕ್ಕೆ ಎಳೆಯ ಕೈಗಳಿಗೆ ಬೇಡಿಕೆ. ಹಸಿ ಸೊಪ್ಪಿನ ಜಿಗುಟು ಕೈಗೆ ಕಪ್ಪಗೆ ಅಂಟುತ್ತದೆ, ತಲೆ ಸುತ್ತಿ ವಾಂತಿ ಬರುತ್ತದೆ. ನಾಲ್ಕನೇ ತರಗತಿಯ ಆ ಮಳೆಗಾಲ ಅವಳು ತಾಯಿಯ ಜೊತೆ ಕೂತು ಸೊಪ್ಪು ಕಟ್ಟಿದ್ದು ನಮ್ಮದೇ ಬ್ಯಾರನ್ನಿನ ಮುಂದೆ. ಆ ಬ್ಯಾರನ್ನಿನ ಬೇಲು ಮಾರಿಯೇ ಅಪ್ಪ ನನ್ನ ಫೀಸು ಕಟ್ಟಿದರು. ಅಂದಿನ ಶಾಲೆಯ ಅಗ್ಗದ ಫೀಸಿನ ಮಾತು ಬಂದಾಗಲೆಲ್ಲ ಈ ಲೆಕ್ಕವನ್ನೂ ಸೇರಿಸಿ ಹೇಳಬೇಕು.

ಇನ್ನು ಆ ಫೀಸು ಅಷ್ಟು ಕಡಿಮೆ ಇದ್ದದ್ದು ಹೇಗೆ? ‘ಆಗ ಜನರಿಗೆ ಸೇವಾ ಮನೋಭಾವ ಇತ್ತು’ ಎಂದು ಹೇಳಿ ಮುಗಿಸುವವರುಂಟು. ಸೇವೆ ಇತ್ತು, ನಿಜ. ಆದರೆ ಅದರ ಹಿಂದೆ ಸ್ಪಷ್ಟವಾದ ಹಣಕಾಸಿನ ವ್ಯವಸ್ಥೆಯೂ ಇತ್ತು. ಸಿಸ್ಟರ್‌ಗಳು ಬಡತನದ ವ್ರತ ತೊಟ್ಟವರು. ಅನುದಾನಿತ ಶಾಲೆಯಲ್ಲಿ ಪಾಠ ಮಾಡುವ ಸಿಸ್ಟರ್‌ಗೆ ಸರ್ಕಾರ ಕೊಡುವ ಸಂಬಳ ಅವರ ಸ್ವಂತಕ್ಕೆ ಉಳಿಯುವುದಿಲ್ಲ. ಅದು ಅವರ ಧಾರ್ಮಿಕ ಸಭೆಗೆ, ಕಾನ್ವೆಂಟಿನ ಒಟ್ಟು ಲೆಕ್ಕಕ್ಕೆ ಹೋಗುತ್ತದೆ. ನಾಲ್ಕೈದು ಮಂದಿ ಸಿಸ್ಟರ್‌ಗಳು ಒಂದೇ ಅಡುಗೆಮನೆಯಲ್ಲಿ ಉಂಡು, ಹಿತ್ತಲಲ್ಲಿ ತರಕಾರಿ ಬೆಳೆದು ಮಿಗಿಸಿದ ದುಡ್ಡೇ ಶಾಲೆಯ ಬೆಂಚು, ಬೋರ್ಡು, ಹೆಂಚು ಆಗುತ್ತಿತ್ತು. ನಮ್ಮ ಅಪ್ಪಂದಿರು ಕಟ್ಟದೆ ಉಳಿಸಿದ್ದ ಪಾಲನ್ನು ಕಟ್ಟಿದವರು ಆ ಹೆಂಗಸರು. ಈ ಸಂಬಳಕ್ಕೆ ಆದಾಯ ತೆರಿಗೆ ಮುರಿಯಬೇಕೇ ಬೇಡವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಮಿಳುನಾಡು, ಕೇರಳದಿಂದ ಹೋದ ಮೇಲ್ಮನವಿಗಳಲ್ಲಿ 2024ರ ನವೆಂಬರ್ 7ರಂದು ತೀರ್ಪು ಬಂತು: ಸಂಬಳ ಸಭೆಗೆ ಹೋದರೂ ತೆರಿಗೆ ಮುರಿಯಲೇಬೇಕು.

ಈ ವ್ಯವಸ್ಥೆ ಎರಡು ಕಡೆಯಿಂದ ಸವೆಯಿತು. ಸಿಸ್ಟರ್‌ಗಳಾಗಲು ಬರುವ ಹುಡುಗಿಯರು ಕಡಿಮೆಯಾದರು. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ತುಂಬಲಿಲ್ಲ. ಆರ್ಥಿಕ ಮಿತವ್ಯಯ ಎಂದು ಸರ್ಕಾರ ನೇಮಕಕ್ಕೆ ಒಪ್ಪಿಗೆ ತಡೆಯಿತು. ಆಗ ಆಡಳಿತದವರೇ ಹೊರಗಿನ ಶಿಕ್ಷಕರನ್ನು ಇಟ್ಟುಕೊಳ್ಳಬೇಕಾಯಿತು. ಆ ಸಂಬಳ ಎಲ್ಲಿಂದ ಬರಬೇಕು? ಪೋಷಕರಿಂದ. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದ ಚರ್ಚುಗಳ ಶಾಲೆಗಳಲ್ಲೂ ಸಿಸ್ಟರ್‌ಗಳ ಸಂಖ್ಯೆ ಇಳಿದಂತೆ ಫೀಸು ಏರಿತು. ಐರ್ಲೆಂಡಿನಲ್ಲಿ ಬಹುಪಾಲು ಪ್ರಾಥಮಿಕ ಶಾಲೆಗಳು ಕಥೋಲಿಕ ಆಡಳಿತದವು, ಶಿಕ್ಷಕರ ಸಂಬಳ ಸರ್ಕಾರದ್ದು, ಕಲಿಕೆ ಉಚಿತ. ಅಲ್ಲೂ ಪೋಷಕರ ಮನೆಗೆ ‘ಸ್ವಯಂಪ್ರೇರಿತ ವಂತಿಗೆ’ಯ ಚೀಟಿ ಬರುತ್ತದೆ, ಕೊಡದವರು ಮುಜುಗರ ಪಡುತ್ತಾರೆ.

ನಮ್ಮ ಕಡೆ ಇದರ ಜೊತೆಗೆ ಇಂಗ್ಲಿಷ್ ಮಾಧ್ಯಮವೂ ಸೇರಿತು. ಕನ್ನಡ ಮಾಧ್ಯಮದ ಅನುದಾನಿತ ವಿಭಾಗದ ಪಕ್ಕದಲ್ಲೇ ಅನುದಾನವಿಲ್ಲದ ಇಂಗ್ಲಿಷ್ ವಿಭಾಗ ಎದ್ದಿತು. ಒಂದೇ ಕಾಂಪೌಂಡು, ಎರಡು ಬಣ್ಣದ ಯೂನಿಫಾರಂ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕು ಎಂಬ ಕರ್ನಾಟಕದ 1994ರ ಆದೇಶ ಖಾಸಗಿ ಶಾಲೆಗಳ ಮೇಲೆ ನಡೆಯುವುದಿಲ್ಲ ಎಂದಿತು ಒಂದು. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನ ಇರಲಿ ಇಲ್ಲದಿರಲಿ, ಅನ್ವಯಿಸದು ಎಂದಿತು ಇನ್ನೊಂದು. ಮಾಧ್ಯಮದ ತೀರ್ಪಿನ ಬಗ್ಗೆ ನಾವು ಪತ್ರಿಕೆಗಳಲ್ಲಿ ಪುಟಗಟ್ಟಲೆ ವಾದ ಮಾಡಿದೆವು. ಎರಡನೆಯದರ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಯಾರೂ ಮಾತೆತ್ತಲಿಲ್ಲ. ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆ ಕಾಯ್ದೆಯಡಿ ಖಾಸಗಿ ಶಾಲೆ ಶೇ 25ರಷ್ಟು ಸೀಟನ್ನು ಬಡ ಮಕ್ಕಳಿಗೆ ಕೊಡಬೇಕು, ಖರ್ಚನ್ನು ಸರ್ಕಾರ ತುಂಬಿಕೊಡಬೇಕು; ಕರ್ನಾಟಕದಲ್ಲಿ ಒಂದನೇ ತರಗತಿಯಿಂದ ಮಗುವೊಂದಕ್ಕೆ ವರ್ಷಕ್ಕೆ ಗರಿಷ್ಠ 16,000 ರೂಪಾಯಿ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ತಾವೇ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿ ಕೊಟ್ಟದ್ದು; ಅದಕ್ಕೆ ಕೈ ಹಾಕಬೇಕೆಂದು ನಾನು ಹೇಳುವುದಿಲ್ಲ. ಆದರೆ ಪರಿಣಾಮವನ್ನು ನೋಡಬೇಕು. ಪಟ್ಟಣದಲ್ಲಿ ಎಲ್ಲರೂ ಬಯಸುವ ಶಾಲೆ ಕಾನ್ವೆಂಟು, ಕೂಲಿಯವರ ಮಗುವಿಗೆ ಕಾಯ್ದೆಯ ಬಾಗಿಲು ಅಲ್ಲಿ ಇಲ್ಲ. ಉಳಿದ ಖಾಸಗಿ ಶಾಲೆಗಳಲ್ಲಿ ಇದ್ದ ಬಾಗಿಲನ್ನು 2019ರಲ್ಲಿ ರಾಜ್ಯ ಸರ್ಕಾರವೇ ಕಿರಿದು ಮಾಡಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ.

ಈಗ ನನ್ನ ತಮ್ಮನ ಮಗಳು ಓದುತ್ತಿರುವುದು ಕಥೋಲಿಕರ ಇನ್ನೊಂದು ಶಾಲೆಯಲ್ಲಿ, ಇಂಗ್ಲಿಷ್ ಮಾಧ್ಯಮ. ಬೆಳಿಗ್ಗೆ ಹಳದಿ ವ್ಯಾನು ಮನೆ ಮುಂದೆ ಬಂದು ನಿಲ್ಲುತ್ತದೆ. ಫೀಸು, ವ್ಯಾನಿನ ಬಾಡಿಗೆ, ಪುಸ್ತಕ, ಎರಡು ಜೊತೆ ಯೂನಿಫಾರಂ, ಶೂ ಎಲ್ಲ ಸೇರಿ ವರ್ಷಕ್ಕೆ 30,000 ರೂಪಾಯಿ ದಾಟುತ್ತದೆ. ಹೊಗೆಸೊಪ್ಪಿಗೆ ಕಿಲೋಗೆ 200 ರೂಪಾಯಿ ಮೀರಿ ಸಿಕ್ಕ ಇತ್ತೀಚಿನ ವರ್ಷಗಳಲ್ಲೂ ಅದು ಒಂದು ಒಳ್ಳೆಯ ಬೇಲಿನ ಬೆಲೆ. ಸಂಬಳ ತರುವವರಿಗೆ ಇದು ದೊಡ್ಡದೆನಿಸದು. ಬೆಳೆಗಾರನಿಗೆ ಮೊತ್ತಕ್ಕಿಂತ ಅದನ್ನು ಕೇಳುವ ದಿನವೇ ಕಷ್ಟ. ಮೊದಲ ಕಂತು ಮೇ ತಿಂಗಳಲ್ಲಿ ಬರುತ್ತದೆ, ಫೋನಿಗೆ ಮೆಸೇಜಾಗಿ. ಗಡುವು ದಾಟಿದರೆ ದಂಡ. ತಮ್ಮ ಪ್ರತಿ ವರ್ಷ ಹೆಂಡತಿಯ ಸರ ಒತ್ತೆ ಇಟ್ಟು ಆ ಕಂತು ಕಟ್ಟುತ್ತಾನೆ, ಸೊಪ್ಪು ಮಾರಿದ ಮೇಲೆ ಬಿಡಿಸುತ್ತಾನೆ. ಅಷ್ಟು ತಿಂಗಳ ಬಡ್ಡಿಯೂ ಶಾಲೆಯ ಖರ್ಚೇ, ಯಾವ ರಸೀದಿಯಲ್ಲೂ ಅದು ಕಾಣಿಸುವುದಿಲ್ಲ.

ಹೀಗೆ ಮಾಡಬೇಡವೆಂದು ಅವನಿಗೆ ಹೇಳಿದ್ದೇನೆ. ರಾಮನಾಥಪುರದ ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಯೂನಿಫಾರಂ, ಹಾಲು, ಬಿಸಿಯೂಟ ಎಲ್ಲ ಇದೆ ಎಂದೆ. ಅವನ ಉತ್ತರ ಚಿಕ್ಕದು: “ಅಣ್ಣ, ನೀನು ಕಾನ್ವೆಂಟಲ್ಲಿ ಓದಿ ಬೆಂಗ್ಳೂರು ಸೇರ್ಕಂಡೆ. ನನ್ ಮಗ್ಳು ಬ್ಯಾರನ್ ಮುಂದೆ ಕೂತ್ಕಬಾರ್ದು.” ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಈಗಿನ ಶಾಲೆಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಹುಡುಗಿಯರಿಗೆ ನೀರಿರುವ ಶೌಚಾಲಯವಿದೆ. ನಮ್ಮ ಕಾಲದಲ್ಲಿ ಕಾಂಪೌಂಡಿನ ಹಿಂದಿನ ಗುಂಡಿಯೇ ಗತಿ. ಬಾಕಿದಾರರ ಹೆಸರನ್ನು ಪ್ರಾರ್ಥನೆಯಲ್ಲಿ ಓದುವುದಿಲ್ಲ. ಹೊಡೆಯುವುದಿಲ್ಲ. ಕಟ್ಟಿದ ದುಡ್ಡಿಗೆ ಅಚ್ಚಾದ ರಸೀದಿ ಬರುತ್ತದೆ. ಇಲ್ಲದೆ ಹೋಗಿರುವುದು ಒಂದು: ಅಪ್ಪ ಹೋಗಿ ಮಾತಾಡಿದಂಥ ಬಾಗಿಲು. ತಮ್ಮ ಒಮ್ಮೆ ಆಫೀಸಿಗೆ ಹೋಗಿ ಅಕ್ಟೋಬರಿನವರೆಗೆ ಸಮಯ ಕೇಳಿದ. ಕೌಂಟರಿನಲ್ಲಿದ್ದವರು ಮರ್ಯಾದೆಯಿಂದಲೇ ಹೇಳಿದರು, ‘ಸಾಫ್ಟ್‌ವೇರ್ ತಗೊಳಲ್ಲ ಸರ್’ ಎಂದು. ತೀರ್ಮಾನ ಮಾಡುವವರು ಅಲ್ಲಿರಲಿಲ್ಲ. ಪೋಷಕರ ಸಭೆಯಲ್ಲಿ ಹೊಸ ಕಟ್ಟಡಕ್ಕೆ ಮನೆಗೆ ಇಷ್ಟು ಎಂದು ಕೇಳಿದರು. ಇಷ್ಟವಿದ್ದರೆ ಕೊಡಿ ಎಂದರೂ, ತರಗತಿವಾರು ಕೊಟ್ಟವರ ಪಟ್ಟಿ ವಾಟ್ಸ್ಆ್ಯಪ್ ಗುಂಪಿಗೆ ಬಂತು. ನನ್ನ ಪ್ರಕಾರ ಅದು ಪ್ರಾರ್ಥನೆಯಲ್ಲಿ ಹೆಸರು ಓದಿದ್ದಕ್ಕೆ ಸಮವೇ.

ಕೋವಿಡ್ ಕಾಲದಲ್ಲಿ, 2021ರ ಜನವರಿಯಲ್ಲಿ, ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ತೆಗೆದುಕೊಳ್ಳಿ ಎಂದು ಸರ್ಕಾರ ಖಾಸಗಿ ಶಾಲೆಗಳಿಗೆ ಆದೇಶ ಮಾಡಿತ್ತು. ಶಾಲೆಗಳು ಕೋರ್ಟಿಗೆ ಹೋದವು, ಪೋಷಕರು ಬೀದಿಗೆ ಬಂದರು. ಬೆಂಗಳೂರಿನ ಆ ಜಗಳದಲ್ಲಿ ಎಲ್ಲರೂ ಎಷ್ಟು ಎಂಬುದನ್ನೇ ಕೇಳಿದರು. ನಮ್ಮ ಸೀಮೆಯಲ್ಲಿ ಕೇಳಬೇಕಾದದ್ದು ಯಾವಾಗ ಎಂಬುದು. ತಂಬಾಕು ಮಂಡಳಿಯ ಹರಾಜು ಕರ್ನಾಟಕದಲ್ಲಿ 1984ರಲ್ಲಿ ಶುರುವಾಯಿತು. ಈಗ ರಾಮನಾಥಪುರದಲ್ಲೇ ಹರಾಜು ಮಾರುಕಟ್ಟೆಯಿದೆ, ಬೆಳೆಗಾರನ ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಯಾವ ತಿಂಗಳಲ್ಲಿ ಯಾರ ಕೈಲಿ ದುಡ್ಡಿರುತ್ತದೆ ಎಂಬುದು ಸಿಸ್ಟರಮ್ಮನ ಕಾಲಕ್ಕಿಂತ ಈಗ ಹೆಚ್ಚು ನಿಖರವಾಗಿ ತಿಳಿಯುತ್ತದೆ. ಬೆಳೆಸಾಲ ಕೊಡುವ ಬ್ಯಾಂಕು ಹರಾಜಿನ ದಿನ ಕಾದು ವಸೂಲಿ ಮಾಡಿಕೊಳ್ಳುತ್ತದೆ. ಬ್ಯಾಂಕಿಗೆ ಸಾಧ್ಯವಾದದ್ದು ಶಾಲೆಗೆ ಆಗದು ಎಂದರೆ ನಾನು ಒಪ್ಪುವುದಿಲ್ಲ.

ಹಾಸನ ಜಿಲ್ಲೆಯಲ್ಲಿ ಶಾಲೆ ನಡೆಸುತ್ತಿರುವ ಗುರುಗಳಲ್ಲಿ, ಸಿಸ್ಟರ್‌ಗಳಲ್ಲಿ ನನ್ನ ಕೋರಿಕೆ ಇದು. ಬೆಳೆಗಾರರ ಮಕ್ಕಳಿಗೆ ಮೇ ತಿಂಗಳ ಕಂತನ್ನು ಡಿಸೆಂಬರಿಗೆ ಹಾಕಿಕೊಡಿ, ದಂಡ ಬೇಡ. ಕೂಲಿಯವರ ಮಕ್ಕಳಿಗೆ ಪ್ರತಿ ತರಗತಿಯಲ್ಲಿ ಕೆಲವು ಸೀಟು ನೀವಾಗಿಯೇ ಇಡಿ. ಕಾಯ್ದೆ ನಿಮ್ಮನ್ನು ಕೇಳುವುದಿಲ್ಲ, ನಿಮ್ಮ ಹಿಂದಿನ ಸಿಸ್ಟರ್‌ಗಳನ್ನೂ ಯಾವ ಕಾಯ್ದೆಯೂ ಕೇಳಿರಲಿಲ್ಲ. ಕೊಟ್ಟವರ ಪಟ್ಟಿಯನ್ನು ಪೋಷಕರ ಗುಂಪಿಗೆ ಹಾಕಬೇಡಿ. ಪೋಷಕರಿಗೂ ಒಂದು ಮಾತು: ಸಮಯ ಬೇಕಾದಾಗ ಒಬ್ಬೊಬ್ಬರೇ ಕೌಂಟರಿಗೆ ಹೋಗಬೇಡಿ. ಸೊಪ್ಪು ಬೆಳೆಯುವವರೆಲ್ಲ ಸೇರಿ, ಏಪ್ರಿಲ್ ಮುಗಿಯುವ ಮೊದಲು, ಬರಹದಲ್ಲಿ ಕೇಳಿ.